ಹೊಸ ಕಾಯಕವೊಂದರ ಬಾಗಿಲಲ್ಲಿ ಹೆಣ್ಣುಮಕ್ಕಳು

ಹೆಣ್ಣುಮಕ್ಕಳು ಓದಬೇಕೋ ಬೇಡವೋ ಎಂಬ ಚರ್ಚೆ ಕನ್ನಡ ನಾಡಿನಲ್ಲಿ ಮುಗಿದು ಬಹುಕಾಲವಾಯಿತು. ಆದರೆ ಓದಿದ ಹೆಣ್ಣುಮಗಳು ಮುಂದೆ ಯಾವ ಉದ್ಯೋಗವನ್ನು ಕೈಗೊಳ್ಳಬೇಕೆಂಬ ಪ್ರಶ್ನೆ ಎದ್ದೊಡನೆ ಮನೆಯ ಹಿರಿಯರಿಗೂ ಶಾಲೆಯ ಶಿಕ್ಷಕರಿಗೂ ತೋಚುವ ಹೆಸರುಗಳು ಇನ್ನೂ ಬೆರಳೆಣಿಕೆಯವೇ ಆಗಿವೆ. ವೈದ್ಯೆ, ಶಿಕ್ಷಕಿ, ಬ್ಯಾಂಕಿನ ಅಧಿಕಾರಿ, ಈಚೆಗೆ ಸಾಫ್ಟ್‌ವೇರ್ ಇಂಜಿನಿಯರ್. ಅಲ್ಲಿಗೆ ಪಟ್ಟಿ ಮುಗಿಯಿತು. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರದಲ್ಲಿ ಗಣಿತದ ಅಂಕಗಳನ್ನು ನೋಡಿ ಒಬ್ಬಳನ್ನು ವಿಜ್ಞಾನಕ್ಕೂ ಇನ್ನೊಬ್ಬಳನ್ನು ವಾಣಿಜ್ಯಕ್ಕೂ ಮತ್ತೊಬ್ಬಳನ್ನು ಕಲಾ ವಿಭಾಗಕ್ಕೂ ಹಂಚಿಬಿಡುವುದು ರೂಢಿ. ಚಿತ್ರ ಬರೆಯುವ ಕೈ, ಲೆಕ್ಕದ ಶಿಸ್ತು, ಎದುರಿಗಿರುವವರ ತೊಡಕು ಎಲ್ಲಿದೆಯೆಂದು ಕೇಳಿ ತಿಳಿಯುವ ತಾಳ್ಮೆ, ಈ ಮೂರೂ ಒಬ್ಬಳಲ್ಲಿಯೇ ಕೂಡಿದ್ದರೆ ಅವಳನ್ನು ಯಾವ ಕೊಠಡಿಯಲ್ಲಿ ಕೂರಿಸಬೇಕೆಂಬುದು ಆ ಹಂಚಿಕೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಅಂಥವಳಿಗೆ ತಕ್ಕ ಉದ್ಯೋಗವೊಂದು ಜಗತ್ತಿನಲ್ಲಿ ಈಗಾಗಲೇ ಬೆಳೆದು ನಿಂತಿದೆ. ಇಂಗ್ಲಿಷಿನಲ್ಲಿ ಅದನ್ನು ಯೂಸರ್ ಎಕ್ಸ್‌ಪೀರಿಯನ್ಸ್ ಡಿಸೈನ್ ಎನ್ನುತ್ತಾರೆ. ಕನ್ನಡದಲ್ಲಿ ಬಳಕೆದಾರರ ಅನುಭವ ವಿನ್ಯಾಸ ಎನ್ನಬಹುದು.

ಅನುಭವ ಎಂಬ ಪದಕ್ಕೆ ಅನುಭವಮಂಟಪದ ನಾಡಿನಲ್ಲಿರುವ ತೂಕವನ್ನು ಈ ವೃತ್ತಿಯ ಹೆಸರು ಹೊರಲಾರದೆಂಬುದು ನಿಜ. ಇಲ್ಲಿ ಅದರ ಅರ್ಥ ಬಹು ಲೌಕಿಕವಾದುದು. ಒಂದು ಯಂತ್ರವನ್ನೋ, ಮೊಬೈಲಿನ ಪರದೆಯನ್ನೋ, ಅರ್ಜಿಯ ನಮೂನೆಯನ್ನೋ ಬಳಸುವ ಮನುಷ್ಯನಿಗೆ ಮುಂದೇನು ಮಾಡಬೇಕೆಂಬುದು ತಿಳಿಯಿತೇ, ತಪ್ಪಿದಾಗ ಹಿಂದಿರುಗುವ ದಾರಿ ಕಂಡಿತೇ, ಕೆಲಸ ಮುಗಿಯಿತೆಂಬ ಭರವಸೆ ಹುಟ್ಟಿತೇ ಎಂಬಿಷ್ಟೇ ಅದರ ಕಾಳಜಿ. ಈ ಹೆಸರನ್ನು ಪ್ರಚಾರಕ್ಕೆ ತಂದವರು ಡೊನಾಲ್ಡ್ ನಾರ್ಮನ್. 1993ರಲ್ಲಿ ಅಮೆರಿಕದ ಆಪಲ್ ಸಂಸ್ಥೆಯನ್ನು ಸೇರಿದಾಗ ಅವರು ತಮ್ಮ ಹುದ್ದೆಯ ಹೆಸರಿನಲ್ಲಿಯೇ ಈ ಮಾತನ್ನು ಸೇರಿಸಿಕೊಂಡರು. ಹೆಸರು ಹೊಸದಾದರೂ ಕೆಲಸ ಹಳೆಯದು. ಬಾವಿಯ ಕಟ್ಟೆಯನ್ನು ಎಷ್ಟು ಎತ್ತರ ಕಟ್ಟಬೇಕೆಂದು ನೀರು ಸೇದುವವರನ್ನು ಕರೆದು ಕೇಳಿದ ಮೇಸ್ತ್ರಿಯೂ ಈ ವೃತ್ತಿಗೆ ಸೇರಿದವನೇ.

ಇದು ಪರದೇಶದ ಸಿರಿವಂತರ ಚಿಂತೆಯೆಂದು ತಳ್ಳಿಹಾಕುವಂತಿಲ್ಲ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ಕರ್ನಾಟಕದ ಪಹಣಿಗಳು ಗಣಕಯಂತ್ರವನ್ನು ಸೇರಿದವು. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದು, ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ನಮೂದಾದ ಮಹಿಳೆಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಜಮೆಯಾಗುವ ಏರ್ಪಾಡಾಯಿತು. ಪಿಂಚಣಿ, ವಿದ್ಯಾರ್ಥಿವೇತನ, ಬೆಳೆವಿಮೆ ಮುಂತಾದ ಎಲ್ಲಕ್ಕೂ ಇಂದು ಪರದೆಯೇ ಬಾಗಿಲು. ಆ ಬಾಗಿಲಲ್ಲಿ ನಿಲ್ಲುವವರಾದರೂ ಯಾರು? 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲ್ ಫೋನನ್ನು ಹೊಂದಿದ್ದ ಮಹಿಳೆಯರು ಭಾರತದಲ್ಲಿ ನೂರಕ್ಕೆ 54 ಮಂದಿ. ಇಂಟರ್‌ನೆಟ್ಟನ್ನು ಒಮ್ಮೆಯಾದರೂ ಬಳಸಿದ್ದವರು ಮಹಿಳೆಯರಲ್ಲಿ ನೂರಕ್ಕೆ 33, ಪುರುಷರಲ್ಲಿ 57. ಉಳಿದವರು ಮಗನ ಫೋನನ್ನೋ ನೆರೆಮನೆಯವರ ಫೋನನ್ನೋ ಗ್ರಾಮ ಒನ್ ಕೇಂದ್ರದ ಸಿಬ್ಬಂದಿಯನ್ನೋ ನಂಬಬೇಕು. ಓ.ಟಿ.ಪಿ. ಎಂಬ ಗುಪ್ತ ಸಂಖ್ಯೆ ಮಗನ ಫೋನಿಗೆ ಬರುತ್ತದೆ. ಮಗ ದೂರದ ಬೆಂಗಳೂರಿನಲ್ಲಿ ದುಡಿಯುತ್ತಿರುತ್ತಾನೆ. ಅವನನ್ನು ಕೇಳಿ ತಿಳಿಯುವಷ್ಟರಲ್ಲಿ ಕಾಲ ಮೀರಿ ಪರದೆ ಮೊದಲ ಪುಟಕ್ಕೆ ಹಿಂದಿರುಗುತ್ತದೆ. ಒಂದು ಫೋನು ಒಬ್ಬರದೇ ಎಂದು ಭಾವಿಸಿ ರಚಿಸಿದ ಪರದೆ ಅದು. ಹಾಗೆ ಭಾವಿಸಿದವರು ದುಷ್ಟರಲ್ಲ. ಫೋನನ್ನು ನಾಲ್ವರು ಹಂಚಿಕೊಂಡಿರುವ ಮನೆಯನ್ನು ಅವರು ಕಂಡಿರಲಿಲ್ಲ, ಅಷ್ಟೆ.

ಕನ್ನಡದ ಲಿಪಿಗೂ ಹಲವೆಡೆ ಇದೇ ಗತಿಯಾಗಿದೆ. ಇಂಗ್ಲಿಷಿನ ಅಳತೆಗೆ ಕೊರೆದ ಚೌಕಟ್ಟಿನಲ್ಲಿ ಕನ್ನಡವನ್ನು ತುಂಬಿದಾಗ ಸಾಲಿನ ಕೆಳಕ್ಕಿಳಿಯುವ ಒತ್ತಕ್ಷರಗಳು ಕತ್ತರಿಸಿಹೋಗುತ್ತವೆ; ‘ಅಕ್ಕ’ ಎಂಬುದು ‘ಅಕ’ ಎಂದು ಕಾಣುತ್ತದೆ. ಇಂಗ್ಲಿಷಿನ ಗಿಡ್ಡ ಪದಕ್ಕೆಂದು ಮಾಡಿದ ಗುಂಡಿಯ ಮೇಲೆ ಕನ್ನಡದ ಪದ ಹಿಡಿಸದೆ ಅರ್ಧಕ್ಕೇ ನಿಂತು ಮೂರು ಚುಕ್ಕಿಗಳನ್ನು ತೋರಿಸುತ್ತದೆ. ಇನ್ನು ‘ರದ್ದುಗೊಳಿಸು’ ಎಂಬ ಗುಂಡಿಯ ಮಾತನ್ನೇ ತೆಗೆದುಕೊಂಡರೆ, ಅದನ್ನು ಒತ್ತಿದಾಗ ರದ್ದಾಗುವುದು ಈಗ ತುಂಬುತ್ತಿರುವ ನಮೂನೆಯೋ ಹಿಂದೆ ಮಂಜೂರಾದ ಸವಲತ್ತೋ ಎಂದು ಅಕ್ಷರಸ್ಥ ಮಹಿಳೆಯೂ ಬೆರಳನ್ನು ಹಿಂದೆಗೆಯುತ್ತಾಳೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ಅಜ್ಜಿಯೊಡನೆ ಸಂತೆಗೂ ಬ್ಯಾಂಕಿಗೂ ಹೋಗಿ ಬಂದ ಹುಡುಗಿಗೆ ಈ ಲೋಪಗಳು ಮೊದಲ ನೋಟಕ್ಕೇ ಕಾಣುತ್ತವೆ. ಬೇರೆಲ್ಲ ಸಂದರ್ಶನಗಳಲ್ಲಿ ಕೊರತೆಯೆಂದು ಎಣಿಸಲ್ಪಡುವ ಅವಳ ಹಿನ್ನೆಲೆಯೇ ಈ ವೃತ್ತಿಯಲ್ಲಿ ಅವಳ ಬಂಡವಾಳವಾಗಬಲ್ಲುದು.

ಈ ವಿದ್ಯೆಯ ಪೂರ್ವಚರಿತ್ರೆಯಲ್ಲಿ ಮಹಿಳೆಯರ ಪಾತ್ರ ಸಾಮಾನ್ಯವಾದುದಲ್ಲ. ಅಮೆರಿಕದ ಲಿಲಿಯನ್ ಗಿಲ್ಬ್ರೆತ್ (1878-1972) ಅವರು ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿ ಪಡೆದ ವಿದುಷಿ. ಪತಿ ಫ್ರ್ಯಾಂಕ್ ಅವರೊಡನೆ ಕಾರ್ಖಾನೆಗಳಿಗೆ ಹೋಗಿ, ಕೆಲಸಗಾರರ ಕೈಕಾಲುಗಳ ಚಲನೆಯನ್ನು ಚಲನಚಿತ್ರದಲ್ಲಿ ಸೆರೆಹಿಡಿದು, ವ್ಯರ್ಥ ಶ್ರಮವನ್ನು ತಗ್ಗಿಸುವ ಶಾಸ್ತ್ರವೊಂದನ್ನೇ ಕಟ್ಟಿದರು. 1924ರಲ್ಲಿ ಪತಿ ಹಠಾತ್ತನೆ ತೀರಿಕೊಂಡಾಗ ಮನೆಯಲ್ಲಿ 11 ಮಕ್ಕಳು. ಅದುವರೆಗೆ ದಂಪತಿಗಳ ಸಲಹೆ ಪಡೆಯುತ್ತಿದ್ದ ಹಲವು ಕಾರ್ಖಾನೆಯವರು ವಿಧವೆಯೊಬ್ಬರ ಸಲಹೆ ತಮಗೆ ಬೇಡವೆಂದರು. ಆಕೆ ಧೃತಿಗೆಡದೆ ಅದೇ ಶಾಸ್ತ್ರವನ್ನು ಅಡುಗೆಮನೆಗೆ ಅನ್ವಯಿಸಿದರು. ಜನರಲ್ ಎಲೆಕ್ಟ್ರಿಕ್ ಸಂಸ್ಥೆಗಾಗಿ 4,000ಕ್ಕೂ ಹೆಚ್ಚು ಮಹಿಳೆಯರನ್ನು ಸಂದರ್ಶಿಸಿ, ಒಲೆಯೂ ಪಾತ್ರೆ ತೊಳೆಯುವ ತೊಟ್ಟಿಯೂ ಎಷ್ಟೆತ್ತರ ಇದ್ದರೆ ಬೆನ್ನಿಗೆ ಹಿತವೆಂಬುದನ್ನು ನಿರ್ಧರಿಸಿದರು. ಕಾಲಿನಿಂದ ಒತ್ತಿ ತೆರೆಯುವ ಕಸದ ಡಬ್ಬಿ, ರೆಫ್ರಿಜರೇಟರಿನ ಬಾಗಿಲಿನ ಒಳಮೈಯ ಹಲಗೆಗಳು ಅವರ ಹೆಸರಿನೊಡನೆ ಸೇರಿವೆ. ಮುಂದೆ 1965ರಲ್ಲಿ ಅಮೆರಿಕದ ರಾಷ್ಟ್ರೀಯ ಇಂಜಿನಿಯರಿಂಗ್ ಅಕಾಡೆಮಿಗೆ ಆಯ್ಕೆಯಾದ ಪ್ರಥಮ ಮಹಿಳೆಯೂ ಅವರೇ ಆದರು.

ಅದೇ ಕಾಲದಲ್ಲಿ, 1926ರಲ್ಲಿ, ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಅವರು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಕಾರ್ಮಿಕ ವಸತಿಗಳಿಗಾಗಿ ಕಿರಿದಾದ, ಆದರೆ ಎಲ್ಲವೂ ಕೈಗೆಟಕುವ ಅಡುಗೆಮನೆಯೊಂದನ್ನು ರೂಪಿಸಿದರು. ರೈಲುಗಾಡಿಯ ಊಟದ ಡಬ್ಬಿಯ ಅಡುಗೆಮನೆ ಅದಕ್ಕೆ ಮಾದರಿ. ಅಂಥವು ಸುಮಾರು 10,000 ನಿರ್ಮಾಣವಾದವು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಆ ಅಡುಗೆಮನೆಯನ್ನು ರಚಿಸುವ ಮೊದಲು ತಾವು ಎಂದೂ ಸಂಸಾರ ನಡೆಸಿದವರಲ್ಲ, ಅಡುಗೆ ಮಾಡಿದವರೂ ಅಲ್ಲ ಎಂದು ಆಕೆ ಮುಂದೆ ತಾವೇ ಹೇಳಿಕೊಂಡಿದ್ದಾರೆ. ಗಿಲ್ಬ್ರೆತ್ ಅವರೂ ಪಾಕಪ್ರವೀಣೆಯೆಂದು ಹೆಸರಾದವರಲ್ಲ. ಹೆಣ್ಣಾದುದರಿಂದ ಅಡುಗೆಮನೆ ತಾನೇ ತಾನಾಗಿ ಇವರಿಗೆ ತಿಳಿದಿತ್ತೆಂಬ ಮಾತು ಹೀಗೆ ಬಿದ್ದುಹೋಗುತ್ತದೆ. ಅವರು ಅಳೆದರು, ಎಣಿಸಿದರು, ಬಳಸುವವರನ್ನು ಕೇಳಿದರು, ಕೇಳಿದ್ದನ್ನು ಬರೆದಿಟ್ಟರು.

ಗಣಕಯಂತ್ರದ ಕಾಲಕ್ಕೆ ಬಂದರೆ ಮೊದಲು ನೆನಪಾಗಬೇಕಾದ ಹೆಸರು ಸೂಸನ್ ಕೇರ್. ಲಲಿತಕಲೆಯಲ್ಲಿ ಡಾಕ್ಟರೇಟ್ ಪಡೆದಿದ್ದ ಅವರು 1980ರ ದಶಕದ ಆರಂಭದಲ್ಲಿ ಆಪಲ್ ಸಂಸ್ಥೆಯನ್ನು ಸೇರಿ, 1984ರಲ್ಲಿ ಹೊರಬಂದ ಮೆಕಿಂತೋಷ್ ಗಣಕಕ್ಕೆ ಚಿಹ್ನೆಗಳನ್ನೂ ಅಕ್ಷರಗಳನ್ನೂ ರಚಿಸಿದರು. ಅಗಲಕ್ಕೆ 32, ಎತ್ತರಕ್ಕೆ 32 ಚುಕ್ಕಿಗಳು. ಒಟ್ಟು 1,024 ಮನೆಗಳು. ಪ್ರತಿಯೊಂದೂ ಕಪ್ಪು ಇಲ್ಲವೆ ಬಿಳುಪು. ಇಷ್ಟರಲ್ಲಿ ಕಸದ ಬುಟ್ಟಿ, ಕಾಗದ, ನಗುಮೊಗದ ಯಂತ್ರ ಮೂಡಬೇಕು. ನೋಡಿದ ಕೂಡಲೆ ಅರ್ಥವಾಗಬೇಕು. ಅವರು ಚೌಕುಳಿ ಕಾಗದದ ಪುಸ್ತಕವೊಂದನ್ನು ಕೊಂಡು ಒಂದೊಂದೇ ಮನೆಯನ್ನು ತುಂಬುತ್ತ ಹೋದರು. ತಾಯಿಯಿಂದ ಕಲಿತಿದ್ದ, ಎಳೆಗಳನ್ನು ಎಣಿಸಿ ಹೊಲಿಯುವ ಕಸೂತಿ ಈ ಕೆಲಸದಲ್ಲಿ ಅವರಿಗೆ ಒದಗಿಬಂದಿತು.

ಈ ಮಾತನ್ನು ಓದಿದ ಧಾರವಾಡ ಸೀಮೆಯವರು ಒಂದು ಗಳಿಗೆ ನಿಲ್ಲಬೇಕಾಗುತ್ತದೆ. ಉತ್ತರ ಕರ್ನಾಟಕದ ಕಸೂತಿಯೂ ಎಳೆ ಎಣಿಸುವ ವಿದ್ಯೆಯೇ. ಇಳಕಲ್ಲ ಸೀರೆಯ ಮೇಲೆ ಗೋಪುರ, ತೇರು, ಪಲ್ಲಕ್ಕಿ, ಆನೆ, ನವಿಲುಗಳನ್ನು ಬಿಡಿಸುವ ಹೆಣ್ಣುಮಗಳು ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಕಣ್ಣಿನಲ್ಲಿಯೇ ಎಣಿಸುತ್ತ ಸೂಜಿಯನ್ನು ನಡೆಸುತ್ತಾಳೆ. ಗವಂತಿ ಹೊಲಿಗೆಯಲ್ಲಂತೂ ಗಂಟು ಕಾಣಬಾರದು, ಸೀರೆಯ ಎರಡು ಮಗ್ಗುಲಲ್ಲಿಯೂ ಚಿತ್ತಾರ ಒಂದೇ ತೆರನಾಗಿರಬೇಕು. ಬೀಳುವ ಎಳೆಯ ಲೆಕ್ಕ ತಪ್ಪಿದರೆ ಆನೆಯ ಸೊಂಡಿಲು ವಕ್ರವಾಗುತ್ತದೆ. ಕಟ್ಟುನಿಟ್ಟಾದ ಚೌಕುಳಿಯೊಳಗೆ ಅರ್ಥವುಳ್ಳ ಆಕಾರವನ್ನು ಹಿಡಿದು ಕೂರಿಸುವ ಈ ಶಿಸ್ತನ್ನು ಶಾಲೆಗಳು ವಾರ್ಷಿಕೋತ್ಸವದ ಕರಕುಶಲ ಪ್ರದರ್ಶನದ ಮೇಜಿಗೆ ಸೀಮಿತಗೊಳಿಸಿವೆ. ಅತಿಥಿಗಳು ನೋಡಿ ಮೆಚ್ಚುತ್ತಾರೆ. ಬಹುಮಾನವಾಗಿ ಒಂದು ಸ್ಟೀಲ್ ತಟ್ಟೆ ಸಿಗುತ್ತದೆ. ಹುಡುಗಿಯ ಬುದ್ಧಿ ಅಲ್ಲಿ ಕೆಲಸ ಮಾಡಿತೆಂಬುದನ್ನು ಗಣಿತದ ಮೇಷ್ಟರಿಗೆ ಯಾರೂ ಹೇಳುವುದಿಲ್ಲ.

ಆದರೆ ಚಿತ್ರ ಬರೆಯುವುದು ಈ ವೃತ್ತಿಯ ಅರ್ಧವಷ್ಟೇ. ಅದೂ ಸುಲಭವಾದ ಅರ್ಧ. ಉಳಿದ ಅರ್ಧವನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಲೂಸಿ ಸಚ್‌ಮನ್ ಮುಖ್ಯರು. ಮಾನವಶಾಸ್ತ್ರವನ್ನು ಓದಿದ ಅವರು ಝೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನ ಕೇಂದ್ರದಲ್ಲಿದ್ದಾಗ, ನಕಲು ತೆಗೆಯುವ ಯಂತ್ರದ ಮುಂದೆ ಜನ ಹೇಗೆ ತಡವರಿಸುತ್ತಾರೆಂಬುದನ್ನು ಚಿತ್ರೀಕರಿಸಿ ಅಭ್ಯಸಿಸಿದರು. ತಡವರಿಸಿದವರು ಸಾಮಾನ್ಯರೂ ಅಲ್ಲ. ಹೆಸರಾಂತ ವಿಜ್ಞಾನಿಗಳಿಬ್ಬರು ಕೂಡಿಯೂ ಹಾಳೆಯ ಎರಡೂ ಕಡೆ ನಕಲು ತೆಗೆಯಲಾರದೆ ಒದ್ದಾಡಿದ ದೃಶ್ಯ ಅದರಲ್ಲಿದೆ. 1987ರಲ್ಲಿ ಪ್ರಕಟವಾದ ಅವರ ಗ್ರಂಥ, ಮನುಷ್ಯ ಮೊದಲೇ ಹಾಕಿಕೊಂಡ ಯೋಜನೆಯಂತೆ ಹೆಜ್ಜೆಯಿಡುತ್ತಾನೆಂದು ಯಂತ್ರ ನಂಬಿದರೆ ಎಡವುವುದು ಯಂತ್ರವೇ ಎಂಬುದನ್ನು ವಿದ್ವಲ್ಲೋಕಕ್ಕೆ ಮನಗಾಣಿಸಿತು. ಬಳಸುವವನಿಗೆ ತಿಳಿಯದಿದ್ದರೆ ದೋಷ ಬಳಸುವವನದಲ್ಲ ಎಂಬ ನಿಲುವು ಅಲ್ಲಿಂದೀಚೆಗೆ ಈ ವೃತ್ತಿಯ ತಳಹದಿಗಳಲ್ಲೊಂದಾಗಿದೆ. ಕಲಾ ವಿಭಾಗದಲ್ಲಿ ಸಮಾಜಶಾಸ್ತ್ರ ಓದುತ್ತಿರುವ ಹೆಣ್ಣುಮಗಳ ತಂದೆತಾಯಿಗಳು ಈ ಉದಾಹರಣೆಯನ್ನು ನೆನಪಿಡುವುದು ಒಳಿತು.

ಇಷ್ಟನ್ನು ಕಂಡು ಕೆಲವರು, ಹೆಣ್ಣಿನ ಹೃದಯ ಮೃದು, ಅನ್ಯರ ಕಷ್ಟ ಅವಳಿಗೆ ಬೇಗ ತಟ್ಟುತ್ತದೆ, ಆದುದರಿಂದಲೇ ಇದು ಅವಳಿಗೆ ಹೇಳಿಮಾಡಿಸಿದ ಕೆಲಸ ಎಂದು ಹೊಗಳುವುದುಂಟು. ಈ ಹೊಗಳಿಕೆಯನ್ನು ಒಪ್ಪುವುದು ಕ್ಷೇಮವಲ್ಲ. ಅನುಕಂಪ ಹುಟ್ಟಿನಿಂದ ಬರುವುದೆಂದಾದರೆ ಅದಕ್ಕೆ ಕಲಿಕೆ ಏಕೆ, ಸಂಬಳ ಏಕೆ ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ದಾದಿಯರ ವೃತ್ತಿಯಲ್ಲಿಯೂ ಅಂಗನವಾಡಿಯ ಸೇವೆಯಲ್ಲಿಯೂ ಅದೇ ಆಗಿದೆ; ಕರುಣೆಯ ಹೆಸರಿನಲ್ಲಿ ಕೂಲಿಯನ್ನು ಇಳಿಸಲಾಗಿದೆ. ಅನುಭವ ವಿನ್ಯಾಸಕ್ಕೆ ಬೇಕಾದುದು ತರಬೇತಿ ಪಡೆದ ಕುತೂಹಲ. ಐದು ಮಂದಿ ಬಳಕೆದಾರರ ಮುಂದೆ ಬಾಯಿ ಬಿಗಿಹಿಡಿದು ಕುಳಿತು, ಅವರು ತಪ್ಪು ಗುಂಡಿ ಒತ್ತುವುದನ್ನು ತಡೆಯದೆ ನೋಡಿ, ಎಲ್ಲಿ, ಎಷ್ಟು ಹೊತ್ತು, ಏನು ಗೊಣಗಿ ನಿಂತರೆಂದು ದಾಖಲಿಸುವುದು ಮರುಕದ ಕೆಲಸವಲ್ಲ. ಗಂಡಸರೂ ಇದನ್ನು ಕಲಿಯಬಲ್ಲರು, ಕಲಿಯಬೇಕು.

ಹಾಗಾದರೆ ಹೆಣ್ಣುಮಕ್ಕಳು ಈ ಕ್ಷೇತ್ರಕ್ಕೆ ಬರಬೇಕೆಂದು ಒತ್ತಿ ಹೇಳುವುದೇಕೆ? ಯಾವ ಕೋಣೆಯಲ್ಲಿ ನಿರ್ಧಾರಗಳಾಗುತ್ತವೆಯೋ ಅಲ್ಲಿ ಅವರಿಲ್ಲದಿದ್ದರೆ ಮರೆತುಹೋಗುವ ಸಂಗತಿಗಳಿವೆ ಎಂಬುದಕ್ಕಾಗಿ. 2014ರಲ್ಲಿ ಆಪಲ್ ಸಂಸ್ಥೆ ಹೊರತಂದ ಆರೋಗ್ಯದ ಆ್ಯಪಿನಲ್ಲಿ ರಕ್ತದೊತ್ತಡದಿಂದ ಹಿಡಿದು ಹತ್ತಾರು ಅಳತೆಗಳಿಗೆ ಸ್ಥಳವಿತ್ತು. ಮುಟ್ಟಿನ ದಿನಗಳನ್ನು ಗುರುತಿಡಲು ಸ್ಥಳವಿರಲಿಲ್ಲ. ಮರುವರ್ಷ ಅದನ್ನು ಸೇರಿಸಲಾಯಿತು. ಕೋಣೆಯೊಳಗೆ ಇದ್ದ ಮಾತ್ರಕ್ಕೆ ಸಾಲದೆಂಬುದಕ್ಕೂ ನಿದರ್ಶನವುಂಟು. ಪರದೆಯ ಮೇಲಿನ ಕಿಟಕಿಗಳು, ಚಿಹ್ನೆಗಳು, ಮೌಸ್ ಇವುಗಳ ವಿದ್ಯೆ ಬೆಳೆದ ಅದೇ ಪಾಲೋ ಆಲ್ಟೋ ಕೇಂದ್ರದಲ್ಲಿ ಅಡೆಲ್ ಗೋಲ್ಡ್‌ಬರ್ಗ್ ಎಂಬ ವಿಜ್ಞಾನಿ ಇದ್ದರು. 1979ರಲ್ಲಿ ಆಪಲ್ ಸಂಸ್ಥೆಯವರಿಗೆ ಅದನ್ನೆಲ್ಲ ತೋರಿಸಬೇಕೆಂದಾಗ ಆಕೆ ಬಲವಾಗಿ ವಿರೋಧಿಸಿದರು; ಮೇಲಧಿಕಾರಿಗಳ ಅಪ್ಪಣೆಯಾದ ಮೇಲೆಯೇ ತೋರಿಸಿದರು. ಆ ವಿದ್ಯೆಯಿಂದ ಯಾರು ಲಾಭ ಪಡೆದರೆಂಬುದು ಲೋಕಕ್ಕೆ ತಿಳಿದಿದೆ. ಇಂದಿಗೂ ಚಿತ್ರಿಸುವ ಕೆಲಸ ಹೆಣ್ಣಿಗೆ, ತೀರ್ಮಾನಿಸುವ ಕೆಲಸ ಗಂಡಿಗೆ ಎಂಬ ಹಂಚಿಕೆ ನಡೆಯುವ ಕಚೇರಿಗಳಲ್ಲಿ ಬಣ್ಣ ಬದಲಿಸುವ ಕೂಲಿಯವಳಾಗಿ ಉಳಿಯುವುದಕ್ಕಾಗಿ ಯಾರೂ ಈ ವಿದ್ಯೆಯನ್ನು ಕಲಿಯಬೇಕಾಗಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ಪ್ರಶ್ನೆಯೊಂದು ಶರಣ ಪರಂಪರೆಯ ಶಾಲೆಗಳಿಗೆ ಎದುರಾಗುತ್ತದೆ. ಬಳಕೆದಾರನ ಮನಸ್ಸನ್ನು ಬಲ್ಲವರು ಅವನಿಗೆ ದಾರಿ ತೋರಿಸಬಹುದು, ದಾರಿ ತಪ್ಪಿಸಲೂಬಹುದು. ಕೊಳ್ಳದ ವಸ್ತುವನ್ನು ಗಿರಾಕಿಯ ಬುಟ್ಟಿಗೆ ತಾನಾಗಿಯೇ ಸೇರಿಸುವುದು, ಇನ್ನೆರಡೇ ಉಳಿದಿವೆಯೆಂದು ಸುಳ್ಳು ಅವಸರ ಹುಟ್ಟಿಸುವುದು, ಚಂದಾದಾರಿಕೆಯನ್ನು ನಿಲ್ಲಿಸುವ ಗುಂಡಿಯನ್ನು ಅಡಗಿಸಿಡುವುದು ಇವೆಲ್ಲ ವಿನ್ಯಾಸಕಾರರೇ ರಚಿಸಿದ ಬಲೆಗಳು. 2023ರ ನವೆಂಬರಿನಲ್ಲಿ ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂತಹ 13 ಬಗೆಯ ವಂಚಕ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು. ಕಾನೂನಿಗೆ ಮೊದಲೇ ಈ ವಿವೇಕವನ್ನು ಹೇಳಿದ ಕಥೆಯೊಂದು ಮಠದ ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಅಕ್ಕಿ ಆಯುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿದವಳು ಪತ್ನಿ ಲಕ್ಕಮ್ಮ. ಕಂಪನಿಯ ಸಭೆಯಲ್ಲಿ ಮೇಲಿನವರು ತಂದಿಟ್ಟ ಹೆಚ್ಚಿನ ಅಕ್ಕಿಯನ್ನು ಕಂಡು ಬೇಡವೆನ್ನುವುದು ಸುಲಭವಲ್ಲ. ಸಾಲ ಮಾಡಿ ಓದಿದ, ಊರಿಗೆ ಹಣ ಕಳುಹಿಸಬೇಕಾದ ಹುಡುಗಿಗೆ ಇನ್ನೂ ಕಷ್ಟ. ಆದರೂ ಕಾಯಕವೆಂಬ ಪದವನ್ನು ಈ ಉದ್ಯೋಗಕ್ಕೆ ಬಳಸುವುದಾದರೆ ಈ ಕಷ್ಟವನ್ನು ಬಿಟ್ಟು ಬಳಸುವಂತಿಲ್ಲ. ಲಕ್ಕಮ್ಮನ ಕಥೆಯನ್ನು ಭಾಷಣ ಸ್ಪರ್ಧೆಗೆ ಮಾತ್ರ ಕಲಿಸಿದ ಶಾಲೆ ಅಲ್ಲಿ ಅವಳ ನೆರವಿಗೆ ಬರಲಾರದು.

ಕೃತಕ ಬುದ್ಧಿಮತ್ತೆಯ ಉಪಕರಣಗಳು ಕ್ಷಣಾರ್ಧದಲ್ಲಿ ಪರದೆಗಳನ್ನು ರಚಿಸಿಕೊಡುತ್ತಿರುವಾಗ ಈ ವೃತ್ತಿ ಉಳಿದೀತೇ ಎಂದು ಪೋಷಕರು ಕೇಳುವುದು ನ್ಯಾಯವೇ. ಚಿಹ್ನೆ ಬರೆಯುವ, ಬಣ್ಣ ಹೊಂದಿಸುವ ಕೆಳಹಂತದ ಕೆಲಸಗಳು ಕಡಿಮೆಯಾಗುವುದು ಖಂಡಿತ. ಹಂಚಿಕೊಂಡ ಫೋನಿನ ಮನೆಗೆ ಹೋಗಿ ಕುಳಿತು ಬರುವ ಕೆಲಸವನ್ನು ಯಂತ್ರ ಸದ್ಯಕ್ಕೆ ಮಾಡುತ್ತಿಲ್ಲ. ಕೇವಲ ಉಪಕರಣವನ್ನು ಕಲಿಸಿ ಮೂರು ತಿಂಗಳಲ್ಲಿ ಪ್ರಮಾಣಪತ್ರ ಕೊಡುವ ಕೇಂದ್ರಗಳಿಗೆ ಹಣ ಸುರಿಯುವ ಮುನ್ನ ಈ ಭೇದವನ್ನು ಎಣಿಸಬೇಕು.

ಹಾಗಾದರೆ ಕಲಿಯುವುದೆಲ್ಲಿ? ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಷ್ಟು ಹಿಂದೆಯೇ ಸ್ಥಾಪನೆಯಾಯಿತು. ಅದರ ಬೆಂಗಳೂರಿನ ಆವರಣದಲ್ಲಿ ಸ್ನಾತಕೋತ್ತರ ವ್ಯಾಸಂಗವುಂಟು. ಮುಂಬಯಿಯ ಐ.ಐ.ಟಿ.ಯ ವಿನ್ಯಾಸ ಕೇಂದ್ರ 1969ರದು. 2015ರಿಂದ ಆ ಸಂಸ್ಥೆ ವಿನ್ಯಾಸ ಪದವಿಗಾಗಿ ಯೂಸೀಡ್ ಎಂಬ ಪ್ರವೇಶ ಪರೀಕ್ಷೆಯನ್ನು ನಡೆಸುತ್ತಿದೆ. ಪಿ.ಯು.ಸಿ.ಯಲ್ಲಿ ಕಲೆಯನ್ನೋ ವಾಣಿಜ್ಯವನ್ನೋ ಓದಿದವರೂ ಅದನ್ನು ಬರೆಯಬಹುದು. ಕಲಾ ವಿಭಾಗದ ವಿದ್ಯಾರ್ಥಿನಿಗೂ ಐ.ಐ.ಟಿ.ಯ ಬಾಗಿಲು ತೆರೆದಿದೆಯೆಂಬ ಈ ಸರಳ ಸಂಗತಿ ಎಷ್ಟು ಶಾಲೆಗಳ ಸೂಚನಾ ಫಲಕವನ್ನು ಮುಟ್ಟಿದೆ? ಪರೀಕ್ಷೆ ಕನ್ನಡದಲ್ಲಿ ನಡೆಯುವುದಿಲ್ಲ. ನಗರದ ತರಬೇತಿ ಕೇಂದ್ರಗಳ ಶುಲ್ಕ ಹಳ್ಳಿಯ ಮನೆತನಗಳಿಗೆ ಎಟುಕುವುದಿಲ್ಲ. ಪದವಿಯ ಖರ್ಚಂತೂ ದೊಡ್ಡದು. ಆದುದರಿಂದ ಪ್ರತಿಭೆಯೊಂದೇ ಸಾಕೆಂಬ ಮಾತು ಇಲ್ಲಿ ಸಲ್ಲದು.

ದಾನಿಗಳು ಲಕ್ಷ್ಯವಿಡಬೇಕಾದುದು ಇಲ್ಲಿ. 1963ರಲ್ಲಿ ತುಮಕೂರಿನ ಸಿದ್ಧಗಂಗೆಯವರೂ ಮೈಸೂರಿನ ಸುತ್ತೂರು ಮಠದ ವಿದ್ಯಾಪೀಠದವರೂ ಇಂಜಿನಿಯರಿಂಗ್ ಕಾಲೇಜುಗಳನ್ನು ತೆರೆದಾಗ, ಮಠಕ್ಕೂ ಯಂತ್ರವಿದ್ಯೆಗೂ ಏನು ಸಂಬಂಧವೆಂದು ಮೂಗು ಮುರಿದವರು ಇದ್ದಿರಲೇಬೇಕು. ಇಂದು ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ವಿನ್ಯಾಸ ವಿದ್ಯೆಗೆ ಅಷ್ಟು ದೊಡ್ಡ ಕಟ್ಟಡವೂ ಬೇಕಿಲ್ಲ. ಖಾಲಿ ಬಿದ್ದಿರುವ ಚಿತ್ರಕಲಾ ಶಿಕ್ಷಕರ ಹುದ್ದೆಯನ್ನು ತುಂಬುವುದು, ಇರುವ ಚಿತ್ರಕಲಾ ಶಿಕ್ಷಕರನ್ನು ಬೇರೆಯವರ ರಜೆಯ ತರಗತಿಗಳಿಗೆ ಓಡಾಡಿಸದಿರುವುದು, ವರ್ಷಕ್ಕೆ ಇಬ್ಬರು ಮೂವರು ಹೆಣ್ಣುಮಕ್ಕಳಿಗೆ ಪ್ರವೇಶ ಪರೀಕ್ಷೆಯ ಸಿದ್ಧತೆಗೂ ಮುಂದಿನ ಶುಲ್ಕಕ್ಕೂ ದತ್ತಿಯಿಡುವುದು ಆರಂಭಕ್ಕೆ ಸಾಕು. ಸಾಫ್ಟ್‌ವೇರ್ ಕಂಪನಿಗಳಲ್ಲಿರುವ ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೊಮ್ಮೆ ಸನ್ಮಾನದ ಶಾಲು ಹೊದೆಯಲು ಬರುವ ಬದಲು ನಾಲ್ಕು ದಿನ ಇದ್ದು ಪಾಠ ಹೇಳಿದರೆ ಮತ್ತೂ ಒಳಿತು.

ಪಾಠಕ್ಕೆ ಪರದೆಯೂ ಬೇಕಾಗಿಲ್ಲ. ಶಾಲೆಯ ಪ್ರವೇಶದ ಅರ್ಜಿಯೇ ಪಠ್ಯವಾಗಬಹುದು. ಒಂಬತ್ತನೆಯ ತರಗತಿಯ ಹುಡುಗಿಯರು ಅರ್ಜಿಯ ಹತ್ತು ಪ್ರತಿಗಳನ್ನು ಹಿಡಿದು ಹತ್ತು ಮಂದಿ ತಾಯಂದಿರ ಬಳಿಗೆ ಹೋಗಲಿ. ಸಹಾಯ ಮಾಡದೆ, ಎಲ್ಲಿ ಲೇಖನಿ ನಿಂತಿತೆಂದು ಗುರುತು ಹಾಕಿಕೊಂಡು ಬರಲಿ. ವಾರ್ಷಿಕ ವರಮಾನದ ಕಲಂ ಮುಂದೆ ನಿಂತಿತೇ, ಆಧಾರ್ ಸಂಖ್ಯೆಗೆ ಬಿಟ್ಟ ಜಾಗದಲ್ಲಿ 12 ಅಂಕಿಗಳು ಹಿಡಿಸದೆ ಹೊರಕ್ಕೆ ಹರಿದವೇ, ತಾಯಿಯ ಹೆಸರಿಗೆ ಜಾಗವೇ ಇಲ್ಲದೆ ತಂದೆಯ ಹೆಸರಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆಯಬೇಕಾಯಿತೇ ಎಂಬುದು ಹತ್ತು ಹಾಳೆಗಳಲ್ಲಿಯೇ ತಿಳಿದುಬರುತ್ತದೆ. ಆ ಗುರುತುಗಳನ್ನು ಮುಂದಿಟ್ಟುಕೊಂಡು ಹುಡುಗಿಯರು ಹೊಸ ಅರ್ಜಿಯನ್ನು ರಚಿಸಿಕೊಟ್ಟರೆ, ಮುಂದಿನ ವರ್ಷದ ಪ್ರವೇಶದ ವೇಳೆಗೆ ಆಡಳಿತ ಮಂಡಳಿ ಅದನ್ನು ಅಚ್ಚು ಹಾಕಿಸಬಹುದು.